75ರ ಗೆರೆ ಯಾರಿಗಾಗಿ?

ಕರ್ನಾಟಕದ ವಿಶ್ವವಿದ್ಯಾಲಯಗಳಿಗೆ ನಾಲ್ಕು ವರ್ಷದ ಆನರ್ಸ್ ಪದವಿ ಬಂದದ್ದು 2021–22ರಲ್ಲಿ. ಸುಖದೇವ್ ಥೋರಟ್ ಅಧ್ಯಕ್ಷತೆಯ ರಾಜ್ಯ ಶಿಕ್ಷಣ ನೀತಿ ಆಯೋಗದ ಮಧ್ಯಂತರ ವರದಿಯ ಮೇಲೆ 2024ರ ಮೇ ತಿಂಗಳಲ್ಲಿ ಸರ್ಕಾರ ಮತ್ತೆ ಮೂರು ವರ್ಷದ ಪದವಿಗೆ ಮರಳಿತು. ನಡುವೆ ಸೇರಿದ ಮೂರು ತಂಡಗಳಿಗೆ ನಾಲ್ಕನೇ ವರ್ಷದ ಅವಕಾಶ ಉಳಿಯಿತು. ಡೀಮ್ಡ್ ವಿಶ್ವವಿದ್ಯಾಲಯಗಳಲ್ಲಿ ಆನರ್ಸ್ ಮುಂದುವರಿದೇ ಇದೆ. ವರ್ಷ ಎಷ್ಟಿರಬೇಕು ಎಂಬ ಜಗಳದಲ್ಲಿ ಆ ವರ್ಷಗಳೊಳಗೆ ಏನಿರಬೇಕು ಎಂಬ ಮಾತು ಹಿಂದೆ ಬಿತ್ತು. ಅದನ್ನೇ ಮುಂದಿಟ್ಟುಕೊಂಡು ಇಲ್ಲಿ ಇಬ್ಬರು ಮಾತಾಡುತ್ತಾರೆ. ಒಬ್ಬರು ಪದವಿ ಓದುವ ಮಗಳ ತಂದೆ, ಇನ್ನೊಬ್ಬರು ಪದವಿ ಕಾಲೇಜಿನ ಅಧ್ಯಾಪಕಿ.

ಪೋಷಕರು: ಮೇಡಂ, ಮುಚ್ಚುಮರೆ ಇಲ್ಲದೆ ಕೇಳುತ್ತೇನೆ. ನಾಲ್ಕನೇ ವರ್ಷ ಎಂದರೆ ಇನ್ನೊಂದು ವರ್ಷದ ಫೀಸು, ಹಾಸ್ಟೆಲ್ಲು, ಬಸ್ ಪಾಸು. ಜತೆಗೆ ಒಂದು ವರ್ಷದ ಸಂಬಳ ಖೋತಾ. ಅಷ್ಟು ಹೊತ್ತಿಗೆ ಬಿ.ಎಡ್. ಅರ್ಧ ಮುಗಿಯುತ್ತದೆ, ಬ್ಯಾಂಕ್ ಪರೀಕ್ಷೆಗೆ, ಎಫ್‌ಡಿಎಗೆ ತಯಾರಿ ಆಗುತ್ತದೆ. ಇಪ್ಪತ್ತು ದಾಟಿದ ಮಕ್ಕಳನ್ನು ಇನ್ನೂ ‘ಸಂಶೋಧನೆ ಮಾಡು, ನಿನ್ನ ದಾರಿ ಹುಡುಕು’ ಎಂದು ಕೂರಿಸಿಕೊಳ್ಳುವುದು ನಮ್ಮಂಥ ಮನೆಗಳಿಗೆ ದುಬಾರಿ. ವಿಜ್ಞಾನಿ ಆಗುವವರು ಹೇಗೂ ಎಂ.ಎಸ್ಸಿ. ಮಾಡಿ ಪಿಎಚ್.ಡಿ.ಗೆ ಹೋಗುತ್ತಾರೆ. ಉಳಿದವರನ್ನೂ ಆ ದಾರಿಗೆ ಎಳೆಯುವುದೇಕೆ?

ಅಧ್ಯಾಪಕಿ: ಉಳಿದವರ ಲೆಕ್ಕದಿಂದಲೇ ಶುರು ಮಾಡೋಣ ಸರ್. 2021–22ರ ಅಖಿಲ ಭಾರತ ಉನ್ನತ ಶಿಕ್ಷಣ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಉನ್ನತ ಶಿಕ್ಷಣಕ್ಕೆ ದಾಖಲಾದವರು ಸುಮಾರು 4.33 ಕೋಟಿ. ಅವರಲ್ಲಿ ಪಿಎಚ್.ಡಿ. ಮಾಡುತ್ತಿದ್ದವರು ಸುಮಾರು 2.12 ಲಕ್ಷ, ಅಂದರೆ ಇನ್ನೂರರಲ್ಲಿ ಒಬ್ಬರು. ಸಂಶೋಧನೆ ಕಲಿಸುವುದು ಆ ಒಬ್ಬರಿಗಾಗಿ ಎಂದಾದರೆ ನಿಮ್ಮ ಮಾತಿಗೆ ನನ್ನ ಬಳಿ ಉತ್ತರವಿಲ್ಲ. ನಾನು ಹೇಳುವುದು ಮಿಕ್ಕ 199 ಮಂದಿಯ ಬಗ್ಗೆ. ನಮ್ಮ ಮಕ್ಕಳು ವಿಷಯ ಆರಿಸಿಕೊಳ್ಳುವುದು ಹೇಗೆಂದು ನಿಮಗೆ ಗೊತ್ತು: ಪಿಯುಸಿಯಲ್ಲಿ ಬಂದ ಅಂಕ, ಹತ್ತಿರದ ಕಾಲೇಜಿನಲ್ಲಿ ಖಾಲಿ ಇದ್ದ ಕಾಂಬಿನೇಷನ್ನು, ಪಕ್ಕದ ಮನೆಯವರ ಸಲಹೆ. ಕೆಲಸ ಆರಿಸಿಕೊಳ್ಳುವುದೂ ಹಾಗೆಯೇ. ಪ್ಲೇಸ್‌ಮೆಂಟ್ ಸೆಲ್‌ನವರು ಯಾರನ್ನೋ ಕರೆಸಿ ಒಂದು ಭಾಷಣ ಮಾಡಿಸುತ್ತಾರೆ, ಅಲ್ಲಿಗೆ ವೃತ್ತಿ ಮಾರ್ಗದರ್ಶನ ಮುಗಿಯಿತು. ಆ ಕೆಲಸದಲ್ಲಿ ಬೆಳಗ್ಗೆಯಿಂದ ಸಂಜೆಯವರೆಗೆ ಏನು ಮಾಡಬೇಕಾಗುತ್ತದೆ, ಅದು ತನಗೆ ಒಗ್ಗುತ್ತದೆಯೇ ಎನ್ನುವುದು ಯಾರಿಗೂ ತಿಳಿಯುವುದಿಲ್ಲ. ಒಂದು ಸಣ್ಣ ಸಂಶೋಧನೆಯನ್ನು ತಾನೇ ಹಿಡಿದು ಮುಗಿಸಿದ ಹುಡುಗಿಗೆ ತನ್ನ ಬಗ್ಗೆ ಮೂರು ಸಂಗತಿ ಗೊತ್ತಾಗುತ್ತದೆ: ಒಂದೇ ಕೆಲಸವನ್ನು ಬೇಸರವಿಲ್ಲದೆ ಎಷ್ಟು ದಿನ ಮಾಡಬಲ್ಲೆ, ಉತ್ತರ ಸಿಗದಿದ್ದಾಗ ಏನು ಮಾಡುತ್ತೇನೆ, ಒಬ್ಬಳೇ ಇರುವುದು ಹಿತವೋ ನಾಲ್ಕು ಜನರೊಡನೆ ದುಡಿಯುವುದು ಹಿತವೋ. ಬ್ಯಾಂಕಿಗೆ ಹೋಗಲಿ, ಶಾಲೆಗೆ ಹೋಗಲಿ, ಔಷಧ ಕಂಪನಿಯ ಕ್ಯೂಸಿ ಲ್ಯಾಬ್‌ಗೆ ಹೋಗಲಿ, ಇದು ಗೊತ್ತಿದ್ದು ಹೋಗುವುದಕ್ಕೂ ಗೊತ್ತಿಲ್ಲದೆ ಹೋಗುವುದಕ್ಕೂ ವ್ಯತ್ಯಾಸವಿದೆ. ಇದಕ್ಕೆ ನಾಲ್ಕನೇ ವರ್ಷವೇ ಬೇಕೆಂದು ನಾನು ಹಟ ಹಿಡಿಯುವುದಿಲ್ಲ. ಪದವಿ ಮುಗಿಯುವುದರೊಳಗೆ ಎಲ್ಲರಿಗೂ ಸಿಗಬೇಕು ಎನ್ನುವುದಷ್ಟೇ ನನ್ನ ವಾದ.

ಪೋಷಕರು: ಎಲ್ಲರಿಗೂ ಎನ್ನುವಲ್ಲಿಯೇ ನನ್ನ ತಕರಾರು. ಯುಜಿಸಿಯವರೇ ಗೆರೆ ಎಳೆದಿದ್ದಾರಲ್ಲ? ಚೆನ್ನಾಗಿ ಓದುವವರಿಗೆ ಸಂಶೋಧನೆ, ಮಿಕ್ಕವರಿಗೆ ಪಾಠ. ಇರುವ ಲ್ಯಾಬು, ಇರುವ ಮೇಷ್ಟರು ಎಷ್ಟು ಮಂದಿಗೆ ಸಾಲುತ್ತಾರೆ? ಅರ್ಹರಿಗೆ ಕೊಡುವುದರಲ್ಲಿ ಅನ್ಯಾಯ ಏನಿದೆ?

ಅಧ್ಯಾಪಕಿ: ಆ ಗೆರೆಯನ್ನೇ ನೋಡೋಣ. 2022ರ ಡಿಸೆಂಬರ್‌ನಲ್ಲಿ ಯುಜಿಸಿ ಹೊರಡಿಸಿದ ಚೌಕಟ್ಟಿನಲ್ಲಿ ಮೂರು ವರ್ಷದ ಪದವಿಗೆ 120 ಕ್ರೆಡಿಟ್, ನಾಲ್ಕು ವರ್ಷದ ಆನರ್ಸ್‌ಗೆ 160. ಮೊದಲ ಆರು ಸೆಮಿಸ್ಟರ್‌ಗಳಲ್ಲಿ ಶೇ 75 ಮತ್ತು ಅದಕ್ಕಿಂತ ಹೆಚ್ಚು ತೆಗೆದವರು ನಾಲ್ಕನೇ ವರ್ಷದಲ್ಲಿ 12 ಕ್ರೆಡಿಟ್‌ನ ಸಂಶೋಧನಾ ಪ್ರಬಂಧ ಮಾಡಬಹುದು. ಬರೀ ಆನರ್ಸ್ ತೆಗೆದುಕೊಳ್ಳುವವರು ಆ 12 ಕ್ರೆಡಿಟ್‌ಗೆ ಇನ್ನೂ ಮೂರು ಪೇಪರ್ ಓದಬೇಕು. ಅಂದರೆ ಮೂರು ವರ್ಷ ಪೇಪರ್ ಓದಿಯೂ ದಾರಿ ಕಾಣದವರಿಗೆ ಪರಿಹಾರವೆಂದು ಕೊಟ್ಟದ್ದು ಮತ್ತೆ ಪೇಪರನ್ನೇ. ಅಂಕ ಯಾವುದನ್ನು ಅಳೆಯುತ್ತದೆ ಎಂಬುದನ್ನೂ ಯೋಚಿಸಿ. ಬಿ.ಎಸ್ಸಿ. ಭೌತಶಾಸ್ತ್ರದ ಪ್ರಾಕ್ಟಿಕಲ್‌ನಲ್ಲಿ ಲೋಲಕ ತೂಗಿಸಿ ಗುರುತ್ವ ವೇಗೋತ್ಕರ್ಷ ಕಂಡುಹಿಡಿಯಬೇಕು. ಉತ್ತರ 9.8 ಎಂದು ಹೈಸ್ಕೂಲಿನಲ್ಲೇ ಬಾಯಿಪಾಠವಾಗಿರುತ್ತದೆ. ಲೆಕ್ಕ ಮಾಡಿದಾಗ 9.2 ಬಂದರೆ ಹುಡುಗರು ಏನು ಮಾಡುತ್ತಾರೆ? ರೀಡಿಂಗ್ ತಿದ್ದಿ 9.8ಕ್ಕೆ ತಂದು ರೆಕಾರ್ಡ್ ಬರೆದು ಸಹಿ ಹಾಕಿಸಿಕೊಳ್ಳುತ್ತಾರೆ. ದಾರದ ಉದ್ದ ಗುಂಡಿನ ನಡುವಿನವರೆಗೆ ಅಳೆದರೋ ಕೊಕ್ಕೆಯವರೆಗೆ ಅಳೆದರೋ, ಸ್ಟಾಪ್‌ವಾಚ್ ಒತ್ತುವಾಗ ಬೆರಳು ತಡವಾಯಿತೋ, ಲೋಲಕ ಓರೆಯಾಗಿ ಸುತ್ತಿತೋ ಎಂದು ಹುಡುಕಿದ್ದರೆ ಅದು ಸಂಶೋಧನೆಯ ಮೊದಲ ಪಾಠವಾಗುತ್ತಿತ್ತು. ಹುಡುಕಿದವನಿಗೆ ಅಂಕ ಕಡಿಮೆ, ತಿದ್ದಿದವನಿಗೆ ಪೂರ್ತಿ. ಆ ಅಂಕಗಳನ್ನೇ ಕೂಡಿ, 75 ದಾಟಿದವರು ಸಂಶೋಧನೆಗೆ ತಕ್ಕವರು ಎನ್ನುತ್ತೇವೆ. ಪಿಎಚ್.ಡಿ.ಗೆ ನೇರ ಪ್ರವೇಶ ಕೊಡುವಾಗ ಅಂಥ ಗೆರೆ ಇರಲಿ, ಅದು ಬೇರೆ ವಿಷಯ. ಸಂಶೋಧನೆ ಎಂದರೇನೆಂದು ಒಮ್ಮೆ ತಿಳಿದುಕೊಳ್ಳುವುದಕ್ಕೂ ಅದೇ ಗೆರೆ ಎಳೆಯುವುದು ತಪ್ಪು.

ಪೋಷಕರು: ಮಾತು ಕೇಳುವುದಕ್ಕೆ ಚೆನ್ನಾಗಿದೆ. ಆದರೆ ಸಂಶೋಧನೆ ಮಾಡಿದ ಮಕ್ಕಳಿಗೆ ದಾರಿ ಕಂಡಿತು ಎನ್ನುವುದಕ್ಕೆ ಸಾಕ್ಷಿ ಇದೆಯೇ? ಅಥವಾ ಇದು ಮೇಷ್ಟರುಗಳ ನಂಬಿಕೆ ಮಾತ್ರವೇ?

ಅಧ್ಯಾಪಕಿ: ಸಾಕ್ಷಿ ಹೆಚ್ಚಾಗಿ ಅಮೆರಿಕದ್ದು, ಅಲ್ಲಿ ಈ ಪ್ರಯೋಗ ಹಳೆಯದು. ಎಂಐಟಿಯಲ್ಲಿ ಮಾರ್ಗರೆಟ್ ಮ್ಯಾಕ್‌ವಿಕರ್ ಪದವಿ ವಿದ್ಯಾರ್ಥಿಗಳ ಸಂಶೋಧನಾ ಯೋಜನೆಯನ್ನು ಶುರು ಮಾಡಿದ್ದು 1969ರಲ್ಲಿ. ಡೇವಿಡ್ ಲೊಪಾಟೊ ಎಂಬ ಮನಶ್ಶಾಸ್ತ್ರಜ್ಞ 2004ರಲ್ಲಿ 41 ಸಂಸ್ಥೆಗಳ 1,135 ವಿದ್ಯಾರ್ಥಿಗಳ ಸಮೀಕ್ಷೆ ಪ್ರಕಟಿಸಿದರು. ಅವರಲ್ಲಿ ಶೇ 83ಕ್ಕಿಂತ ಹೆಚ್ಚು ಮಂದಿ ವಿಜ್ಞಾನದಲ್ಲಿ ಮುಂದೆ ಓದುವ ಯೋಚನೆಯನ್ನು ಹೊಸದಾಗಿ ಮಾಡಿದ್ದರು ಅಥವಾ ಮೊದಲಿದ್ದ ಯೋಚನೆಯನ್ನು ಮುಂದುವರಿಸಿದ್ದರು. ಆ ಯೋಚನೆ ಕೈಬಿಟ್ಟವರು 51 ಮಂದಿ. ಅದೇ ವರ್ಷ ಎಲೇನ್ ಸೇಮೂರ್ ಮತ್ತು ಸಂಗಡಿಗರು ನಾಲ್ಕು ಸಣ್ಣ ಕಾಲೇಜುಗಳ 76 ವಿದ್ಯಾರ್ಥಿಗಳನ್ನು ಕೂರಿಸಿಕೊಂಡು ಮಾತಾಡಿಸಿದರು. ಆ ಮಕ್ಕಳು ಹೇಳಿಕೊಂಡ ಲಾಭಗಳಲ್ಲಿ ಒಂದು, ತಮ್ಮ ವೃತ್ತಿಯ ಬಗ್ಗೆ ಮೊದಲೇ ಇದ್ದ ಅರೆಬರೆ ಅಂದಾಜು ಸ್ಪಷ್ಟವಾಯಿತು ಎನ್ನುವುದು. ಇದರಲ್ಲಿ ಚಮತ್ಕಾರ ಏನಿಲ್ಲ. ಸಂಶೋಧನೆ ಯಾರಲ್ಲೂ ಇಲ್ಲದ ಆಸೆಯನ್ನು ಹುಟ್ಟಿಸುತ್ತದೆ ಎಂದು ನಾನೂ ಹೇಳುವುದಿಲ್ಲ. ಇರುವ ಆಸೆ ಗಟ್ಟಿಯೋ ಜೊಳ್ಳೋ ಎಂದು ತೋರಿಸುತ್ತದೆ.

ಪೋಷಕರು: ಅಲ್ಲಿಗೆ ಹೋದವರು ಮೊದಲೇ ಆಸಕ್ತಿ ಇದ್ದವರಲ್ಲವೇ ಮೇಡಂ? ಅವರನ್ನೇ ಆರಿಸಿ, ಅವರನ್ನೇ ಕೇಳಿ, ಅವರು ಚೆನ್ನಾಗಿತ್ತು ಎಂದರೆ ಅದು ಎಂಥ ಸಾಕ್ಷಿ?

ಅಧ್ಯಾಪಕಿ: ಈ ಆಕ್ಷೇಪ ಸರಿಯಾದದ್ದೇ. ಮಾರ್ಸಿಯಾ ಲಿನ್ ಮತ್ತು ಸಂಗಡಿಗರು 2015ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಇಂಥ 60 ಅಧ್ಯಯನಗಳನ್ನು ಒರೆಗೆ ಹಚ್ಚಿದಾಗ ಕಂಡ ದೋಷವೂ ಇದೇ ಜಾತಿಯದು: ಹೆಚ್ಚಿನವು ವಿದ್ಯಾರ್ಥಿಗಳ ಸ್ವಂತ ಹೇಳಿಕೆಯನ್ನೇ ನಂಬಿದ್ದವು. ಆದರೆ ಈ ಆಕ್ಷೇಪವನ್ನು ಕೊನೆಯವರೆಗೆ ಒಯ್ದರೆ ಅದು ನನ್ನ ಕಡೆಗೇ ವಾಲುತ್ತದೆ. ಆಯ್ದ ಕೆಲವರಿಗೆ ಕೊಟ್ಟು ಫಲ ನೋಡಿದರೆ ಫಲ ಆಯ್ಕೆಯದೋ ಸಂಶೋಧನೆಯದೋ ಗೊತ್ತಾಗದು. ತಿಳಿಯಬೇಕಾದರೆ ಇಡೀ ತರಗತಿಗೆ ಕೊಟ್ಟು ನೋಡಬೇಕು. ಹಾಗೆ ನೋಡಿದ್ದೂ ಉಂಟು. ಹೋವರ್ಡ್ ಹ್ಯೂಸ್ ವೈದ್ಯಕೀಯ ಸಂಸ್ಥೆಯ ನೆರವಿನಿಂದ 2008ರಲ್ಲಿ ಶುರುವಾದ ‘ಸೀ-ಫೇಜಸ್’ ಎಂಬ ಕೋರ್ಸಿನಲ್ಲಿ ಮೊದಲ ವರ್ಷದ ವಿದ್ಯಾರ್ಥಿಗಳು ತಾವೇ ಮಣ್ಣು ತಂದು, ಅದರಿಂದ ಬ್ಯಾಕ್ಟೀರಿಯಾಗಳನ್ನು ಕೊಲ್ಲುವ ವೈರಸ್ ಬೇರ್ಪಡಿಸಿ, ಅದಕ್ಕೆ ಹೆಸರಿಡುತ್ತಾರೆ. ಆ ವೈರಸ್ ಯಾವುದೆಂದು ಮೇಷ್ಟರಿಗೂ ಮೊದಲು ಗೊತ್ತಿರುವುದಿಲ್ಲ. 73 ಸಂಸ್ಥೆಗಳ 4,800ಕ್ಕೂ ಹೆಚ್ಚು ವಿದ್ಯಾರ್ಥಿಗಳು ಓದಿದ ಮೇಲೆ 2014ರಲ್ಲಿ ಬಂದ ವರದಿ, ಅವರ ಆಸಕ್ತಿ, ಅಂಕ, ವಿಜ್ಞಾನದಲ್ಲಿ ಮುಂದುವರಿಯುವ ಪ್ರಮಾಣ ಮೂರಕ್ಕೂ ಒಳಿತಾಯಿತು ಎಂದಿತು. ಅಲ್ಲಿ ಮೊದಲು ತರಬೇತಿ ಸಿಕ್ಕಿದ್ದು ಅಧ್ಯಾಪಕರಿಗೆ ಎನ್ನುವುದನ್ನು ಮರೆಯಬಾರದು.

ಪೋಷಕರು: ಅಮೆರಿಕದ ಲ್ಯಾಬು ಅಮೆರಿಕದ್ದು. ಇಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯಂಥ ಕಡೆ ನಾಲ್ಕು ವರ್ಷದ ಪದವಿಯಲ್ಲಿ ಸಂಶೋಧನೆ ಮಾಡಿಸುತ್ತಾರೆ, ಒಪ್ಪಿದೆ. ಅಲ್ಲಿಗೆ ಸೇರುವವರು ಎಷ್ಟು ಮಂದಿ? ತಾಲ್ಲೂಕಿನ ಪ್ರಥಮ ದರ್ಜೆ ಕಾಲೇಜಿನಲ್ಲಿ ಅರ್ಧ ಪಾಠ ಅತಿಥಿ ಉಪನ್ಯಾಸಕರ ಮೇಲೆ ನಡೆಯುತ್ತದೆ. ಅವರಿಗೆ ವರ್ಷದ ಎಲ್ಲ ತಿಂಗಳೂ ಸಂಬಳ ಸಿಗುವುದಿಲ್ಲ. ಅವರು ಸಂಶೋಧನೆ ಮಾಡಿಸುವುದು ಯಾವಾಗ?

ಅಧ್ಯಾಪಕಿ: ನೀವು ಎತ್ತಿದ ಆಕ್ಷೇಪಗಳಲ್ಲಿ ಇದು ಎಲ್ಲಕ್ಕಿಂತ ಭಾರವಾದದ್ದು. 18ರಿಂದ 23 ವಯಸ್ಸಿನ ಒಂದು ಲಕ್ಷ ಜನಕ್ಕೆ ದೇಶದಲ್ಲಿ ಸರಾಸರಿ 30 ಕಾಲೇಜುಗಳಿದ್ದರೆ ಕರ್ನಾಟಕದಲ್ಲಿ 66 ಇವೆ ಎಂದು ಮೊದಲು ಹೇಳಿದ ಉನ್ನತ ಶಿಕ್ಷಣ ಸಮೀಕ್ಷೆಯೇ ಹೇಳುತ್ತದೆ. ಕಾಲೇಜಿಗೆ ನಮ್ಮಲ್ಲಿ ಬರವಿಲ್ಲ. ಅವುಗಳೊಳಗೆ ಕಾಯಂ ಅಧ್ಯಾಪಕರಿಗೆ, ಉಪಕರಣಕ್ಕೆ ಬರ. ಹಾಗೆಂದು ದುಬಾರಿ ಯಂತ್ರ ಬೇಡದ ಪ್ರಶ್ನೆಗಳನ್ನೂ ಬಿಟ್ಟುಕೊಡಬೇಕೇ? ‘ಸೀಸನ್‌ವಾಚ್’ ಎಂಬ ಯೋಜನೆಯಲ್ಲಿ ಒಂದು ಮರವನ್ನು ಗೊತ್ತು ಮಾಡಿಕೊಂಡು ವಾರಕ್ಕೊಮ್ಮೆ ಚಿಗುರು, ಹೂವು, ಕಾಯಿ ಇವೆಯೇ ಎಂದು ಬರೆಯುತ್ತಾರೆ: ಇಲ್ಲ, ಕೆಲವು, ಬಹಳ, ಇಷ್ಟೇ. ಸುಲಭ ಎನಿಸುತ್ತದೆ. ಕಾಲೇಜಿನ ಅಂಗಳದ ಹಲಸಿನ ಮರವನ್ನು ಒಂದು ಸೆಮಿಸ್ಟರ್ ನೋಡಹೊರಟರೆ ಕಷ್ಟ ಗೊತ್ತಾಗುತ್ತದೆ. ನಾಲ್ಕು ವಾರ ‘ಇಲ್ಲ’ ಎಂದೇ ಬರೆಯಬೇಕು, ಬರೆಯದೆ ಬಿಟ್ಟರೆ ಅದು ಇಲ್ಲದ್ದೋ ನೋಡದ್ದೋ ಮುಂದೆ ತಿಳಿಯದು. ‘ಕೆಲವು’ ಎಲ್ಲಿ ಮುಗಿದು ‘ಬಹಳ’ ಎಲ್ಲಿ ಶುರುವಾಗುತ್ತದೆ ಎಂದು ಇಬ್ಬರು ಗೆಳತಿಯರು ಜಗಳವಾಡಿ ಒಂದು ನಿಯಮ ಮಾಡಿಕೊಳ್ಳಬೇಕು. ರಜೆಯಲ್ಲಿ ಯಾರು ನೋಡುತ್ತಾರೆಂದು ಮೊದಲೇ ಒಪ್ಪಂದವಾಗಬೇಕು. ಮುಂದೆ ಆ ಹುಡುಗಿ ಲೆಕ್ಕಪರಿಶೋಧನೆಗೆ ಹೋದರೂ ಆಸ್ಪತ್ರೆಯ ದಾಖಲೆ ವಿಭಾಗಕ್ಕೆ ಹೋದರೂ ಮಾಡುವ ಕೆಲಸದ ಬೇರು ಇಲ್ಲಿದೆ.

ಸಂಶೋಧನೆ ಎಂದರೆ ವಿಜ್ಞಾನ ಒಂದೇ ಎಂಬ ಭ್ರಮೆಯೂ ಬೇಡ. ಬಿ.ಎಲ್. ರೈಸ್ 1886ರಿಂದ ಹೊರತರತೊಡಗಿದ ‘ಎಪಿಗ್ರಾಫಿಯ ಕರ್ನಾಟಿಕ’ ಸಂಪುಟಗಳಲ್ಲಿ ಹಳೆಯ ಮೈಸೂರಿನ ಶಾಸನಗಳು ತಾಲ್ಲೂಕುವಾರು ದಾಖಲಾಗಿವೆ. ಅವುಗಳಲ್ಲಿ ದಾಖಲಾದ ವೀರಗಲ್ಲು ಇಂದೂ ಹೇಳಿದ ಜಾಗದಲ್ಲಿದೆಯೇ, ರಸ್ತೆ ಅಗಲೀಕರಣದಲ್ಲಿ ಹೋಯಿತೇ, ಗುಡಿಯ ಗೋಡೆಗೆ ಸೇರಿತೇ ಎಂದು ಒಂದು ಹೋಬಳಿಯ ಮಟ್ಟಿಗೆ ಹುಡುಕಿ ಬರೆಯುವುದಕ್ಕೆ ಇತಿಹಾಸದ, ಕನ್ನಡದ ವಿದ್ಯಾರ್ಥಿಗೆ ಯಾವ ಲ್ಯಾಬೂ ಬೇಡ. ರಾಮನಗರದ ವಾಣಿಜ್ಯ ವಿದ್ಯಾರ್ಥಿ ರೇಷ್ಮೆಗೂಡಿನ ಮಾರುಕಟ್ಟೆಯ ದಿನದರವನ್ನೂ ಆವಕವನ್ನೂ ಮೂರು ತಿಂಗಳು ಬರೆದಿಟ್ಟರೆ ಅರ್ಥಶಾಸ್ತ್ರದ ಒಂದು ಅಧ್ಯಾಯ ಕಣ್ಣೆದುರು ನಿಲ್ಲುತ್ತದೆ. ಅಧ್ಯಾಪಕರ ಮಾತಿಗೆ ಬಂದರೆ, ಭಾರತದ ಮೂರು ವಿಜ್ಞಾನ ಅಕಾಡೆಮಿಗಳು ಸೇರಿ ನಡೆಸುವ ಬೇಸಿಗೆ ಸಂಶೋಧನಾ ಫೆಲೋಶಿಪ್ ವಿದ್ಯಾರ್ಥಿಗಳಿಗಷ್ಟೇ ಇರುವುದಲ್ಲ, ಕಾಲೇಜು ಅಧ್ಯಾಪಕರಿಗೂ ಇದೆ. ಅತಿಥಿ ಉಪನ್ಯಾಸಕರ ವಿಷಯದಲ್ಲಿ ಮಾತ್ರ ನಿಮ್ಮ ಮಾತೇ ನನ್ನದು: ಪ್ರಾಜೆಕ್ಟ್ ನೋಡಿಕೊಳ್ಳುವ ಗಂಟೆಗಳನ್ನು ಕಾರ್ಯಭಾರದಲ್ಲಿ ಲೆಕ್ಕ ಹಿಡಿದು ಹಣ ಕೊಡದಿದ್ದರೆ ಇದು ಇನ್ನೊಂದು ಬಿಟ್ಟಿ ಚಾಕರಿಯಾಗುತ್ತದೆ.

ಪೋಷಕರು: ಕಡ್ಡಾಯ ಮಾಡಿದ ಮರುದಿನವೇ ಪ್ರಾಜೆಕ್ಟ್ ಸೆಂಟರ್‌ನವರು ಬೋರ್ಡ್ ಹಾಕುತ್ತಾರೆ. ಎಂಜಿನಿಯರಿಂಗ್‌ನಲ್ಲಿ ಏನಾಗಿದೆ ನೋಡಿ, ದುಡ್ಡು ಕೊಟ್ಟರೆ ಬೈಂಡ್ ಮಾಡಿದ ವರದಿ ಕೈಗೆ ಬರುತ್ತದೆ. ಈಗಂತೂ ಕಂಪ್ಯೂಟರೇ ಬರೆದುಕೊಡುತ್ತದೆ.

ಅಧ್ಯಾಪಕಿ: ಬರೆದ ವರದಿಗೆ ಅಂಕ ಕೊಟ್ಟರೆ ವರದಿ ಮಾರಾಟಕ್ಕೆ ಬರುತ್ತದೆ, ಆಶ್ಚರ್ಯವಿಲ್ಲ. ನಮ್ಮಲ್ಲಿ ಮೌಲ್ಯಮಾಪನ ಕೊನೆಯ ದಿನ, ಚಿನ್ನದ ಅಕ್ಷರದ ರಟ್ಟಿನ ಮೇಲೆ ನಡೆಯುತ್ತದೆ. ಅದನ್ನು ದಿನಚರಿ ಪುಸ್ತಕಕ್ಕೆ ವರ್ಗಾಯಿಸಬೇಕು. ವಾರವಾರ ಏನು ನೋಡಿದೆ, ಎಲ್ಲಿ ಎಡವಿದೆ, ಯಾಕೆ ವಿಧಾನ ಬದಲಿಸಿದೆ ಎಂದು ಕೈಬರಹದಲ್ಲಿರುವ ಪುಸ್ತಕವನ್ನು ಎದುರಿಟ್ಟುಕೊಂಡು ಹತ್ತು ನಿಮಿಷ ಮೌಖಿಕ ಪ್ರಶ್ನೆ ಕೇಳಿದರೆ ಮಾಡಿದವರಾರು ಮಾಡಿಸಿದವರಾರು ಗೊತ್ತಾಗುತ್ತದೆ. ಪ್ರಶ್ನೆ ಸ್ಥಳೀಯವಾಗಿದ್ದಷ್ಟೂ ಕೊಳ್ಳುವುದು ಕಷ್ಟ. ನಿಮ್ಮ ಹೋಬಳಿಯ ವೀರಗಲ್ಲು ಈಗ ಎಲ್ಲಿದೆ ಎಂಬುದಕ್ಕೆ ಯಾವ ಸೆಂಟರ್‌ನಲ್ಲೂ ಸಿದ್ಧ ಉತ್ತರ ಇರುವುದಿಲ್ಲ. ಫಲಿತಾಂಶ ನಿರೀಕ್ಷೆಯಂತೆ ಬರದಿದ್ದರೂ ಪೂರ್ತಿ ಅಂಕ ಸಿಗಬಹುದು ಎಂಬ ನಿಯಮವೂ ಬೇಕು. ಇಲ್ಲದಿದ್ದರೆ ಲೋಲಕದ 9.8ರ ಕತೆಯೇ ಇಲ್ಲೂ ನಡೆಯುತ್ತದೆ.

ಪೋಷಕರು: ಇನ್ನೊಂದು ಕಡೆಯಿಂದ ನೋಡಿ. ದೊಡ್ಡ ಸಂಸ್ಥೆಗಳ ಬೇಸಿಗೆ ಅವಕಾಶ ಯಾರಿಗೆ ಸಿಗುತ್ತದೆ? ಇಂಗ್ಲಿಷಿನಲ್ಲಿ ಅರ್ಜಿ ಬರೆಯಬಲ್ಲವರಿಗೆ, ಬೆಂಗಳೂರಿನಲ್ಲಿ ನೆಂಟರಿರುವವರಿಗೆ, ಎರಡು ತಿಂಗಳು ದುಡಿಯದೆ ಇರಬಲ್ಲವರಿಗೆ. ನೀವು ಎಲ್ಲರಿಗೂ ಎಂದರೂ ಕೊನೆಗೆ ಅದು ಉಳ್ಳವರ ಪಾಲೇ.

ಅಧ್ಯಾಪಕಿ: ಅದಕ್ಕಾಗಿಯೇ ಪಠ್ಯದೊಳಗೆ ತನ್ನಿ ಎನ್ನುತ್ತಿರುವುದು. ಬೇಸಿಗೆಯದು ಸ್ಪರ್ಧೆ, ತರಗತಿಯದು ಹಕ್ಕು. ಹಾಗಿದ್ದೂ ಇರುವ ಅವಕಾಶ ಕಡಿಮೆಯೇನಲ್ಲ, ಸುದ್ದಿ ತಲುಪುತ್ತಿಲ್ಲ. ಅಕಾಡೆಮಿಗಳ ಫೆಲೋಶಿಪ್ ಎರಡು ತಿಂಗಳದ್ದು, ಭತ್ಯೆ ಇದೆ. ಅರ್ಜಿ ಕರೆಯುವುದು ಸಾಮಾನ್ಯವಾಗಿ ವರ್ಷದ ಕೊನೆಯ ತಿಂಗಳುಗಳಲ್ಲಿ, ನಮ್ಮ ಹುಡುಗರು ವಿಚಾರಿಸುವುದು ಏಪ್ರಿಲ್‌ನಲ್ಲಿ. ಜಕ್ಕೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರಕ್ಕೂ ತನ್ನದೇ ಬೇಸಿಗೆ ಫೆಲೋಶಿಪ್ ಇದೆ. ಮೂಲವಿಜ್ಞಾನ ಓದುವವರಿಗೆ ಕೇಂದ್ರ ಸರ್ಕಾರದ ಇನ್‌ಸ್ಪೈರ್ ವಿದ್ಯಾರ್ಥಿವೇತನ ವರ್ಷಕ್ಕೆ ₹80,000. ಅದರಲ್ಲಿ ₹20,000 ಬೇಸಿಗೆಯ ಸಂಶೋಧನೆಗೆಂದೇ ಮೀಸಲು. ಹಣ ಕೊಟ್ಟು ಮಾಡಿಸುವುದು ಮುಖ್ಯ ಎನ್ನುವುದರಲ್ಲಿ ಎರಡು ಮಾತಿಲ್ಲ. ಎಂಐಟಿಯ ಯೋಜನೆಯಲ್ಲಿ ಸಂಬಳಕ್ಕೋ ಕ್ರೆಡಿಟ್ಟಿಗೋ ವಿದ್ಯಾರ್ಥಿ ಕೆಲಸ ಮಾಡಬಹುದು. ಅಮೆರಿಕದ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನ ನಡೆಸುವ ಬೇಸಿಗೆ ಸಂಶೋಧನೆಗೂ ಭತ್ಯೆ ಉಂಟು. ಬಡವರ ಮಕ್ಕಳ ರಜೆ ಬಿಡುವಿನ ಕಾಲವಲ್ಲ, ದುಡಿಮೆಯ ಕಾಲ. ಅದನ್ನು ಪುಕ್ಕಟೆ ಕೇಳುವ ಹಕ್ಕು ಯಾವ ವಿಶ್ವವಿದ್ಯಾಲಯಕ್ಕೂ ಇಲ್ಲ.

ಪೋಷಕರು: ಸರಿ, ನನ್ನ ಮಗಳು ಇದೆಲ್ಲ ಮಾಡಿದಳು ಎಂದಿಟ್ಟುಕೊಳ್ಳಿ. ಕೊನೆಗೆ ‘ಅಪ್ಪಾ, ಇದು ನನಗೆ ಹಿಡಿಸಲಿಲ್ಲ’ ಎಂದು ಬಂದರೆ? ಆಗ ನಷ್ಟ ಯಾರದು?

ಅಧ್ಯಾಪಕಿ: ಆ ಮಾತನ್ನು ಅವಳು ಇಪ್ಪತ್ತನೇ ವಯಸ್ಸಿನಲ್ಲಿ, ಎರಡು ಕ್ರೆಡಿಟ್‌ನ ಕೆಲಸ ಮುಗಿಸಿ ಹೇಳಿದರೆ ನಿಮಗೆ ಲಾಭವೇ. ಅದೇ ಮಾತನ್ನು ಪಿಎಚ್.ಡಿ.ಯ ನಾಲ್ಕನೇ ವರ್ಷದಲ್ಲಿ ಹೇಳುವವರಿದ್ದಾರೆ; ಇಷ್ಟವಿಲ್ಲದ ಕೆಲಸದಲ್ಲಿ ಇಪ್ಪತ್ತು ವರ್ಷ ಕಳೆದು, ಹೇಳಲಾರದೆ ಉಳಿದವರೂ ಇದ್ದಾರೆ. ಒಂದು ಎಚ್ಚರ ಮಾತ್ರ ಇರಲಿ. ಲೊಪಾಟೊ ಸಮೀಕ್ಷೆಯಲ್ಲಿ ಯೋಚನೆ ಕೈಬಿಟ್ಟ ಆ 51 ಮಂದಿ, ಮುಂದುವರಿದವರಿಗಿಂತ ತಾವು ಕಲಿತದ್ದೂ ಕಡಿಮೆ ಎಂದಿದ್ದರು. ಅವರಿಗೆ ಹಿಡಿಸದೆ ಹೋದದ್ದು ಸಂಶೋಧನೆಯೋ, ಅದನ್ನು ಮಾಡಿಸಿದ ರೀತಿಯೋ ಎಂಬ ಅನುಮಾನ ಬರುತ್ತದೆ. ಕೆಟ್ಟದಾಗಿ ಮಾಡಿಸಿದ ಪ್ರಾಜೆಕ್ಟ್ ಒಳ್ಳೆಯ ಹುಡುಗಿಯನ್ನು ಒಳ್ಳೆಯ ಕ್ಷೇತ್ರದಿಂದ ಓಡಿಸಬಲ್ಲದು. ಆದ್ದರಿಂದ ‘ಬೇಡ’ ಎಂಬ ಉತ್ತರಕ್ಕೆ ಬೆಲೆ ಬರಬೇಕಾದರೆ ಕೆಲಸ ನಿಜವಾದದ್ದಾಗಿರಬೇಕು, ಜತೆಗೆ ನಿಲ್ಲುವ ಅಧ್ಯಾಪಕರೊಬ್ಬರಿರಬೇಕು.

ಪೋಷಕರು: ನಾಲ್ಕನೇ ವರ್ಷದ ವಿಷಯದಲ್ಲಿ ನನ್ನ ಲೆಕ್ಕ ಬದಲಾಗಿಲ್ಲ ಮೇಡಂ, ಖರ್ಚು ಖರ್ಚೇ. ಆದರೆ ಮೂರು ವರ್ಷದೊಳಗೇ ಆಗುವುದಾದರೆ, ದಿನಚರಿ ನೋಡಿ ಅಂಕ ಕೊಡುವುದಾದರೆ, ನನ್ನ ತಕರಾರಿಲ್ಲ.

ಇಬ್ಬರ ಮಾತು ನಿಂತ ಜಾಗವೇ ಕೆಲಸ ಶುರುವಾಗಬಹುದಾದ ಜಾಗ. ನಾಲ್ಕನೇ ವರ್ಷ ಇರಲಿ ಬಿಡಲಿ, ಸಂಶೋಧನೆಯನ್ನು ಅಂಕದ ಬಹುಮಾನವಾಗಿ ಕೊನೆಗಿಡುವುದು ಹಿಂದುಮುಂದಾದ ಕ್ರಮ. ದಾರಿ ಆರಿಸಿಕೊಂಡ ಮೇಲೆ ಸಿಗುವ ಅನುಭವದಿಂದ ದಾರಿ ಆರಿಸಿಕೊಳ್ಳಲು ಆಗುವುದಿಲ್ಲ. ಮೂರು ವರ್ಷದ ಪದವಿಯ ಹೊಸ ಪಠ್ಯಕ್ರಮ ರೂಪಿಸುವ ಅಧ್ಯಯನ ಮಂಡಳಿಗಳು ಎರಡನೇ ವರ್ಷದಲ್ಲೇ, ವಿಜ್ಞಾನ, ಕಲೆ, ವಾಣಿಜ್ಯ ಎನ್ನದೆ, ಅಂಕದ ಗೆರೆ ಎಳೆಯದೆ, ಒಂದು ಸೆಮಿಸ್ಟರ್‌ನ ಸಣ್ಣ ಸಂಶೋಧನೆಯನ್ನು ಸೇರಿಸಬೇಕು. ಅದನ್ನು ನೋಡಿಕೊಳ್ಳುವ ಅಧ್ಯಾಪಕರಿಗೆ, ಅತಿಥಿ ಉಪನ್ಯಾಸಕರೂ ಸೇರಿದಂತೆ, ಆ ಗಂಟೆಗಳ ಸಂಬಳ ಕೊಡಬೇಕು. ಅದಾಗುವವರೆಗೆ ಪದವಿ ಓದುವ ಮಕ್ಕಳಿರುವ ಮನೆಯವರು ಮಾಡಬಹುದಾದದ್ದು ಒಂದಿದೆ: ಬೇಸಿಗೆ ಫೆಲೋಶಿಪ್‌ಗೆ ಅರ್ಜಿ ಕರೆದಿದ್ದಾರೆಯೇ ಎಂದು ದೀಪಾವಳಿಯ ಹೊತ್ತಿಗೇ ಕಾಲೇಜಿನಲ್ಲಿ ವಿಚಾರಿಸಿ.